ನಾಲ್ಕು ವರ್ಷದ ಮಗುವಿಗೆ ಹೊರಸಂಚಾರದಿಂದ ಏನು ದಕ್ಕುತ್ತದೆ?

ನಾಲ್ಕು ವರ್ಷದ ಮಗಳನ್ನು ಶಿಶುವಿಹಾರದವರು ಹೊರಸಂಚಾರಕ್ಕೆ ಕರೆದೊಯ್ಯಲಿದ್ದಾರೆ, ಈ ವಯಸ್ಸಿನಲ್ಲಿ ಅದರಿಂದ ಕಲಿಯುವುದೇನಾದರೂ ಇದೆಯೇ ಎಂದು ಕೇಳಿದ್ದೀರಿ. ಇಷ್ಟೇ ವಯಸ್ಸಿನ ಮಕ್ಕಳೊಂದಿಗೆ ಹಲವು ವರ್ಷ ಕಳೆದಿರುವ ಶಿಕ್ಷಕಿಯಾಗಿ ಹೇಳುವುದಾದರೆ, ಖಂಡಿತ ಇದೆ. ಆದರೆ ಅದು ಹೋದ ದಿನಕ್ಕಿಂತ ಮುಂದಿನ ಒಂದೆರಡು ವಾರಗಳ ಆಟದಲ್ಲಿ ಹೆಚ್ಚು ಕಾಣಿಸುತ್ತದೆ.

ಒಮ್ಮೆ ಮಕ್ಕಳನ್ನು ಹತ್ತಿರದ ಅಂಚೆ ಕಚೇರಿಗೆ ನಡೆಸಿಕೊಂಡು ಹೋಗಿದ್ದೆವು. ಅಲ್ಲಿದ್ದದ್ದು ಅರ್ಧ ಗಂಟೆ ಮಾತ್ರ. ಕಾಗದಗಳಿಗೆ ಮುದ್ರೆ ಒತ್ತುವುದನ್ನೂ ಅವುಗಳನ್ನು ಊರಿಗೊಂದರಂತೆ ವಿಂಗಡಿಸುವುದನ್ನೂ ಮಕ್ಕಳು ನೋಡಿದರು. ಏನೇನು ನೋಡಿದಿರಿ ಎಂದು ಹಿಂತಿರುಗುವಾಗ ಕೇಳಿದರೆ ಹೆಚ್ಚಿನವರು ಸುಮ್ಮನಿದ್ದರು. ಮರುದಿನ ತರಗತಿಯ ಮೂಲೆಯಲ್ಲಿ ಒಂದು ಅಂಚೆ ಕಚೇರಿಯೇ ತೆರೆದಿತ್ತು. ವಿಳಾಸವಿಲ್ಲದ ಕಾಗದ ಯಾರಿಗೆ ಸೇರಬೇಕು ಎಂಬ ಜಗಳ ಎರಡು ದಿನ ನಡೆಯಿತು. ಅಲ್ಲಿಯವರೆಗೆ ಬರೆಯಲು ಒಲ್ಲೆನೆನ್ನುತ್ತಿದ್ದ ಹುಡುಗನೊಬ್ಬ, ತನಗೆ ಬರುವ ಕಾಗದ ಬೇರೆಯವರ ಪಾಲಾಗದಿರಲೆಂದು, ತನ್ನ ಹೆಸರು ಬರೆಯುವುದನ್ನು ಕಲಿತ. ಬರೆಹ ಯಾವುದಕ್ಕೆ ಬೇಕು ಎಂಬುದನ್ನು ತಿಂಗಳುಗಟ್ಟಲೆ ಹೇಳಿಯೂ ನಾನು ಅವನಿಗೆ ಮುಟ್ಟಿಸಲಾಗಿರಲಿಲ್ಲ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಸುಮಾರು 2ರಿಂದ 7 ವರ್ಷದವರೆಗಿನ ಹಂತವನ್ನು ವಿವರಿಸುತ್ತಾ, ಮಗು ಕಣ್ಣಿಗೆ ಕಂಡದ್ದನ್ನೇ ಹಿಡಿದು ಯೋಚಿಸುತ್ತದೆ, ಕಂಡದ್ದನ್ನು ನಟನೆಯ ಆಟದಲ್ಲಿ ತನ್ನದಾಗಿಸಿಕೊಳ್ಳುತ್ತದೆ ಎಂದು ತೋರಿಸಿದ್ದಾರೆ. ಚಿತ್ರಪುಸ್ತಕದಲ್ಲಿ ಆನೆಯೂ ಬೆಕ್ಕೂ ಒಂದೇ ಅಳತೆಯಲ್ಲಿರುತ್ತವೆ. ವಾಸನೆಯಾಗಲಿ ಭಾರವಾಗಲಿ ಪುಟದಲ್ಲಿ ಸಿಗುವುದಿಲ್ಲ.

ದೂರದ, ದೊಡ್ಡ ಜಾಗಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಗಂಟೆಗಟ್ಟಲೆ ವಾಹನದಲ್ಲಿ ಕೂತು ದಣಿದ ಮಗು, ಮಧ್ಯಾಹ್ನದ ನಿದ್ದೆಯೂ ತಪ್ಪಿ, ಅಲ್ಲಿ ಕಾಣುವುದು ಮುಂದೆ ನಡೆಯುವವರ ಬೆನ್ನನ್ನಷ್ಟೇ. ಎಷ್ಟು ದೂರ, ಎಷ್ಟು ಹೊತ್ತು, ಒಬ್ಬೊಬ್ಬ ಹಿರಿಯರ ಜೊತೆ ಎಷ್ಟು ಮಕ್ಕಳು ಎಂಬುದನ್ನು ಸಂಕೋಚವಿಲ್ಲದೆ ಶಾಲೆಯವರನ್ನು ವಿಚಾರಿಸಿ. ಒಬ್ಬ ಹಿರಿಯರಿಗೆ ನಾಲ್ಕೈದು ಮಕ್ಕಳಿಗಿಂತ ಹೆಚ್ಚಾದರೆ ಸುರಕ್ಷತೆಗೂ ಕಷ್ಟ, ಮಗುವಿನ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದಂತೂ ಸಾಧ್ಯವೇ ಇಲ್ಲ ಎಂಬುದು ನನ್ನ ಅನುಭವ.

ಮಗಳು ಮನೆಗೆ ಬಂದ ಸಂಜೆ ಏನು ಕಲಿತೆ ಎಂದು ಪರೀಕ್ಷಿಸಬೇಡಿ. ಅಲ್ಲಿ ಯಾವ ಸದ್ದು ಕೇಳಿಸಿತು, ಯಾರು ಏನು ಮಾಡುತ್ತಿದ್ದರು ಎಂದು ಮಾತಿಗೆಳೆಯಿರಿ. ಖಾಲಿ ಪೆಟ್ಟಿಗೆ, ಕಾಗದ, ಬಣ್ಣದ ಪೆನ್ಸಿಲ್ ಕೈಗೆ ಸಿಗುವಲ್ಲಿ ಇಡಿ. ಮೂರ್ನಾಲ್ಕು ದಿನ ಬಿಟ್ಟು ಆಟಕ್ಕೆ ಕರೆದರೆ, ಅವಳು ಹೇಳಿದ ಪಾತ್ರವನ್ನೇ ಆಡಿ.