ಆಪ್ತಸಲಹೆ ಪ್ರಕರಣ: 21ನೇ ವಾರದಲ್ಲಿ ಕಂಡ ಅನುಮಾನ

ಸೋಮವಾರಪೇಟೆ ಕಡೆಯ ದಂಪತಿ. ಗುರುತು ಸಿಗದಂತೆ ವಿವರ ಬದಲಿಸಿದೆ. ಚೊಚ್ಚಲ ಬಸುರಿ, ವಯಸ್ಸು 26. ಮಗುವಿನ ಅಂಗಾಂಗಗಳ ದೋಷ ನೋಡುವ ಅನಾಮಲಿ ಸ್ಕ್ಯಾನಿನಲ್ಲಿ ಮಗುವಿನ ಮೆದುಳಿನ ವೆಂಟ್ರಿಕಲ್ (ಮೆದುಳೊಳಗಿನ ದ್ರವ ತುಂಬಿದ ಕುಳಿ) 11.5 ಮಿ.ಮೀ. ಅಗಲವಿತ್ತು, 10ರೊಳಗಿರಬೇಕು. ಮೆದುಳಿನ ಎರಡು ಭಾಗಗಳನ್ನು ಬೆಸೆಯುವ ಕಾರ್ಪಸ್ ಕೆಲೋಸಮ್ ಸ್ಪಷ್ಟವಾಗಿ ಕಂಡಿರಲಿಲ್ಲ. "ತಲೇಲಿ ನೀರು ತುಂಬಿದೆಯಂತೆ, ತೆಗೆಸಿಬಿಡಿ" ಎಂದು ನೆಂಟರು ಆಗಲೇ ಹೇಳತೊಡಗಿದ್ದರು.

10ರಿಂದ 12 ಮಿ.ಮೀ. ಎಂದರೆ ಅಲ್ಪ ಹಿಗ್ಗುವಿಕೆ. ಬೇರೇನೂ ದೋಷವಿಲ್ಲದಿದ್ದರೆ ಇಂಥ ಮಕ್ಕಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಎಲ್ಲರಂತೆಯೇ ಬೆಳೆಯುತ್ತಾರೆ. ಆ 'ಬೇರೇನೂ ಇಲ್ಲ' ಎಂಬುದನ್ನು ಖಚಿತಪಡಿಸಿಕೊಳ್ಳಲು ಎಂಆರ್‌ಐ ಬೇಕು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಮೆರಿಡಿಯನ್ ಅಧ್ಯಯನದಲ್ಲಿ ಭ್ರೂಣದ ಮೆದುಳಿನ ದೋಷವನ್ನು ಅಲ್ಟ್ರಾಸೌಂಡ್ ಶೇ. 68ರಷ್ಟು, ಎಂಆರ್‌ಐ ಶೇ. 93ರಷ್ಟು ಪ್ರಕರಣಗಳಲ್ಲಿ ಸರಿಯಾಗಿ ಗುರುತಿಸಿದ್ದವು.

"ಮೇಡಂ, ಆ ಮೆಷಿನ್ ಕಿರಣ ಮಗೂಗೆ ತಾಗಲ್ವಾ?" ಅತ್ತೆಯ ಪ್ರಶ್ನೆ. ಇದರಲ್ಲಿ ಎಕ್ಸ್‌ರೇ ಇಲ್ಲಮ್ಮ, ಅಯಸ್ಕಾಂತ ಮತ್ತು ರೇಡಿಯೋ ತರಂಗ ಮಾತ್ರ. ಚಿತ್ರ ಸ್ಪಷ್ಟವಾಗಲೆಂದು ಬೇರೆಡೆ ಕೊಡುವ ಗ್ಯಾಡೋಲಿನಿಯಂ ಇಂಜೆಕ್ಷನ್ನೂ ಕೊಡುವುದಿಲ್ಲ. ತಾಳಿ, ಕಾಲುಂಗುರ, ಹೇರ್‌ಪಿನ್ ತೆಗೆಯಬೇಕು ಎಂದಾಗ ಅತ್ತೆ ಹಿಂಜರಿದರು. ಆ ಹೊತ್ತಿಗೆ ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಳ್ಳಬಹುದು ಎಂದ ಮೇಲೆ ಒಪ್ಪಿದರು. ಮೂತ್ರ ವಿಸರ್ಜಿಸಿ, ಎಡಮಗ್ಗುಲಿಗೆ ಮಲಗಿದರೆ ಸಾಕು. ಮಗು ಹೊರಳಿದರೆ ಚಿತ್ರ ಮಸುಕಾಗಿ ಮತ್ತೆ ತೆಗೆಯಬೇಕಾಗುತ್ತದೆ, ಹಾಗಾಗಿ ಅರ್ಧದಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಹೆಚ್ಚು ಹೊತ್ತು ಮಾತಾಡಿದ್ದು ಯಾವಾಗ ಮಾಡಿಸಬೇಕೆಂಬ ಬಗ್ಗೆ. 18 ವಾರಕ್ಕೆ ಮುಂಚೆ ಮೆದುಳು ತೀರಾ ಪುಟ್ಟದು, ಹೆಚ್ಚೇನೂ ತಿಳಿಯದು. ಮೆದುಳಿನ ಮಡಿಕೆಗಳ ದೋಷ ಚೆನ್ನಾಗಿ ಕಾಣುವುದು 28 ವಾರ ದಾಟಿದ ಮೇಲೆ. ಆದರೆ 24 ವಾರ ಮೀರಿದರೆ ಗರ್ಭಪಾತಕ್ಕೆ ಮೆಡಿಕಲ್ ಬೋರ್ಡಿನ ಒಪ್ಪಿಗೆ ಬೇಕು, ಅದೂ ಗಂಭೀರ ದೋಷವಿದ್ದರೆ ಮಾತ್ರ. ಆದ್ದರಿಂದ 22ನೇ ವಾರದಲ್ಲೇ ಮಾಡಿಸಿ, ಕಾಯಬೇಡಿ ಎಂದೆವು. ಆಮ್ನಿಯೋಸೆಂಟೆಸಿಸ್ (ಗರ್ಭದ ನೀರು ತೆಗೆದು ಮಾಡುವ ಪರೀಕ್ಷೆ) ವರದಿ ಬರಲು ವಾರಗಳೇ ಬೇಕಾಗುವುದರಿಂದ ಅದರ ಬಗ್ಗೆಯೂ, ಮಗುವಿನ ಮೆದುಳಿಗೆ ಹಾನಿ ಮಾಡಬಲ್ಲ ಸಿಎಂವಿ ವೈರಸ್ಸಿನ ರಕ್ತಪರೀಕ್ಷೆಯ ಬಗ್ಗೆಯೂ ಪ್ರಸೂತಿ ತಜ್ಞರೊಡನೆ ಕೂಡಲೇ ಮಾತಾಡಲು ತಿಳಿಸಿದೆವು.

ಮಳೆಗಾಲ. ಸಂಪಾಜೆ ಘಾಟಿಯಲ್ಲಿ ಮಣ್ಣು ಕುಸಿದರೆ ಮಂಗಳೂರು ದಾರಿ ಕೈಕೊಡುತ್ತದೆ, ಕುಶಾಲನಗರದ ಮೇಲೆ ಮೈಸೂರಿಗೆ ಹೋಗುವುದೇ ಮೇಲು. ಭ್ರೂಣದ ಮೆದುಳಿನ ಚಿತ್ರ ಓದಿ ಅನುಭವವಿರುವವರು ಇದ್ದಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಬರೀ ಯಂತ್ರವಿದ್ದರೆ ಸಾಲದು. ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ, ಅದು ಅಪರಾಧ.

ಎಂಆರ್‌ಐಯಲ್ಲಿ ಕಾರ್ಪಸ್ ಕೆಲೋಸಮ್ ಪೂರ್ತಿಯಾಗಿತ್ತು, ವೆಂಟ್ರಿಕಲ್ 11 ಮಿ.ಮೀ. ಬಸಿರು ಮುಂದುವರಿಸಲು ದಂಪತಿ ನಿರ್ಧರಿಸಿದರು. ಕಲಿಕೆಯ ತೊಂದರೆ, ಆಟಿಸಂ ಚಿತ್ರದಲ್ಲಿ ಕಾಣುವಂಥವಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದೆವು. 30ನೇ ವಾರದಲ್ಲಿ ಮತ್ತೊಮ್ಮೆ ಅಲ್ಟ್ರಾಸೌಂಡ್, ಹಿಗ್ಗುತ್ತಿದ್ದರೆ ಇನ್ನೊಂದು ಎಂಆರ್‌ಐ, ಹೆರಿಗೆಯಾದ ಮೇಲೆ ನೆತ್ತಿಯ ಮೂಲಕ ಮಗುವಿನ ತಲೆಯ ಸ್ಕ್ಯಾನ್ ಎಂದು ತಾಯಿ ಕಾರ್ಡಿನಲ್ಲೇ ಬರೆದುಕೊಟ್ಟೆವು.