ಗೆಳತಿಯ ಡಬ್ಬಿಯ ಸಾಂದಣ

ಪುಟ್ಟಿಯನ್ನು ಆಪ್ತಸಲಹೆಗೆಂದು ನನ್ನ ಬಳಿ ಕರೆತಂದಾಗ ಅವಳಿಗೆ ಏಳು ತುಂಬಿ ಎರಡು ತಿಂಗಳಾಗಿತ್ತು. ಮೂರು ವಾರದಿಂದ ಶಾಲೆಗೆ ಕಟ್ಟಿಕೊಟ್ಟ ಡಬ್ಬಿ ಮುಚ್ಚಳ ತೆರೆಯದೆ ಹಾಗೇ ವಾಪಸ್ ಬರುತ್ತಿತ್ತು. ಮಕ್ಕಳ ಡಾಕ್ಟರು ಹೊಟ್ಟೆ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಏನೂ ತೊಂದರೆ ಇಲ್ಲ ಅಂದಿದ್ದರು. ಆದರೆ ಮಗುವಿನ ಬೆರಳ ಸಂದುಗಳು ಬಿರಿದು ಕೆಂಪಾಗಿದ್ದವು. ದಿನಕ್ಕೆ ಹತ್ತಾರು ಸಲ ಸೋಪು ಹಚ್ಚಿ ಕೈ ತೊಳೆಯುತ್ತಾಳೆ, ಬೇಡ ಅಂದರೆ ಅಳುತ್ತಾಳೆ ಎಂದರು ಅಮ್ಮ.

ಕುಟುಂಬ ಮುಂಬಯಿ ಪಕ್ಕದ ಡೊಂಬಿವಲಿಯದು, ಮೂಲ ಕುಂದಾಪುರದ ಕಡೆ. ಅಜ್ಜ ಹೋಟೆಲು ನಡೆಸಿದವರು, ಈಗಿಲ್ಲ. ಅಪ್ಪನದು ಊರೂರು ತಿರುಗುವ ಕೆಲಸ. ಅಮ್ಮ ಮುಲುಂಡಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ. ಹಗಲೆಲ್ಲ ಮಗುವಿನ ಜತೆ ಇರುವವರು ಎಪ್ಪತ್ತೆರಡು ವರ್ಷದ ಅಜ್ಜಿ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಮನೆಯವರು ಓದಿ ಒಪ್ಪಿದ್ದಾರೆ.

ಎರಡನೆಯ ಭೇಟಿಯಲ್ಲಿ ಪುಟ್ಟಿಯ ಕೈಗೆ ಜೇಡಿಮಣ್ಣು ಕೊಟ್ಟು ಸುಮ್ಮನೆ ಕುಳಿತೆ. ಅವಳು ಎರಡು ಡಬ್ಬಿ ಮಾಡಿದಳು. ಒಂದನ್ನು ತನ್ನ ಹತ್ತಿರ ಎಳೆದುಕೊಂಡು, ಇನ್ನೊಂದನ್ನು ಮೇಜಿನ ತುದಿಗೆ ತಳ್ಳಿದಳು. ತಳ್ಳಿದ್ದು ಕೈಯಿಂದಲ್ಲ, ಪೆನ್ಸಿಲಿನಿಂದ.

“ಇದು ನಂದು. ಅದು ಅವಳದ್ದು. ಅದನ್ನ ಮುಟ್ಟಿದ್ರೆ ಅಜ್ಜಿ ಮತ್ತೆ ಆಸ್ಪತ್ರೆಗೆ ಹೋಗ್ಬೇಕಾಗತ್ತೆ.”

ಮೆಲ್ಲಗೆ ಕೇಳುತ್ತಾ ಹೋದಂತೆ ಕಥೆ ಹೊರಬಂತು. ಬೆಂಚಿನಲ್ಲಿ ಪಕ್ಕಕ್ಕೆ ಕೂರುವ ಗೆಳತಿ ಕೊಂಕಣಿ ಮುಸ್ಲಿಂ ಮನೆಯವಳು. ಒಂದು ದಿನ ಅವಳು ಸಾಂದಣ ತಂದಿದ್ದಳು. ಅಕ್ಕಿ, ತೆಂಗಿನಹಾಲು, ಸಕ್ಕರೆ ಸೇರಿಸಿ ಹಬೆಯಲ್ಲಿ ಬೇಯಿಸುವ ಮೆತ್ತನೆಯ ತಿಂಡಿ, ನಮ್ಮ ಕರಾವಳಿಯ ಕಡುಬಿನ ದಾಯಾದಿ. ಪುಟ್ಟಿ ಎರಡು ತಿಂದು, ಮನೆಗೆ ಬಂದವಳೇ ಖುಷಿಯಲ್ಲಿ, “ಅಜ್ಜಿ, ನಿನ್ನ ಕಡುಬಿನ ಹಾಗೇ ಇತ್ತು” ಎಂದಳು. ಯಾರ ಮನೆಯದೆಂದು ಅಜ್ಜಿ ಕೇಳಿದರು. ಹೇಳಿದಳು. “ಅವರ ಮನೇದು ತಿಂದ್ಯಾ? ಹೋಗು, ಬಾಯಿ ತೊಳ್ಕೊ. ನಮ್ಮ ದೇವರಿಗೆ ಅದೆಲ್ಲ ಆಗುದಿಲ್ಲ.” ಅಷ್ಟೇ. ಹೊಡೆಯಲಿಲ್ಲ, ಬೈಯಲೂ ಇಲ್ಲ. ಮೂರನೆಯ ದಿನ ಅಜ್ಜಿ ತಲೆಸುತ್ತಿ ಬಿದ್ದರು. ಬಿಪಿ ಏರಿತ್ತು. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದರು.

ಈ ಎರಡನ್ನೂ ಜೋಡಿಸಿದ್ದು ಮಗುವೇ. ದೊಡ್ಡವರಿಗೆ ಯಾರಿಗೂ ಅದು ಹೊಳೆದಿರಲಿಲ್ಲ. ಮರುವಾರ ಶಾಲೆಯಲ್ಲಿ ಗೆಳತಿ ಡಬ್ಬಿ ಮುಂದೆ ಚಾಚಿದಾಗ ಪುಟ್ಟಿ ಎಲ್ಲರೆದುರಿಗೇ ಅದನ್ನು ತಳ್ಳಿ, “ನಿನ್ನ ಡಬ್ಬಿಯಿಂದ್ಲೇ ನಮ್ಮಜ್ಜಿಗೆ ಕಾಯಿಲೆ ಬಂದಿದ್ದು” ಎಂದುಬಿಟ್ಟಳು. ಆ ದಿನದಿಂದ ಇಬ್ಬರೂ ಬೇರೆ ಬೇರೆ ಬೆಂಚು. ಪುಟ್ಟಿಗೆ ಊಟ ಸೇರುತ್ತಿಲ್ಲ.

ಈ ವಯಸ್ಸಿನ ಮನಸ್ಸು ಹೀಗೆ ಲೆಕ್ಕ ಹಾಕುವುದು ಸಹಜ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಒಂದು ಕಥೆ ಹೇಳಿದ್ದರು. ಸೇಬು ಕದ್ದು ಓಡುವ ಹುಡುಗ ಹಳೆಯ ಸೇತುವೆ ದಾಟುವಾಗ ಹಲಗೆ ಮುರಿದು ನೀರಿಗೆ ಬೀಳುತ್ತಾನೆ. ಕದಿಯದೇ ಇದ್ದಿದ್ದರೂ ಬೀಳುತ್ತಿದ್ದನೇ ಎಂದು ಕೇಳಿದರೆ, ಆರು-ಏಳರ ಆಸುಪಾಸಿನ ಮಕ್ಕಳಲ್ಲಿ ಬಹುಪಾಲು ಮಂದಿ ಇಲ್ಲ ಎಂದರು. ತಪ್ಪು ಮಾಡಿದರೆ ಹಲಗೆಯೂ ಶಿಕ್ಷೆ ಕೊಡುತ್ತದೆ ಎಂಬುದು ಅವರ ಜಗತ್ತಿನ ನಿಯಮ. ಅಂಥ ಮಗುವಿಗೆ ‘ದೇವರಿಗೆ ಆಗುದಿಲ್ಲ’ ಎಂಬ ಮಾತು ಸಂಪ್ರದಾಯವಾಗಿ ಕೇಳಿಸುವುದಿಲ್ಲ. ಬೆಂಕಿ ಮುಟ್ಟಿದರೆ ಸುಡುತ್ತದೆ ಎನ್ನುವಷ್ಟೇ ಗಟ್ಟಿಯಾದ ಸತ್ಯವಾಗಿ ಒಳಗಿಳಿಯುತ್ತದೆ.

ಮಗುವಿನ ಒಪ್ಪಿಗೆ ಪಡೆದು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವರ ಮೊದಲ ಮಾತು: “ನಾವು ಅವಳಿಗೆ ಅಂಥದ್ದೇನೂ ಹೇಳಿಕೊಟ್ಟಿಲ್ಲ ಮೇಡಂ.” ಈ ವಾಕ್ಯವನ್ನು ಎಷ್ಟೋ ತಂದೆತಾಯಂದಿರ ಬಾಯಲ್ಲಿ ಕೇಳಿದ್ದೇನೆ, ಅವರು ಸುಳ್ಳು ಹೇಳುವುದಿಲ್ಲ. ಹೇಳದೆಯೇ ಕಲಿಸಿದ್ದು ಅವರ ಲೆಕ್ಕಕ್ಕೆ ಬಂದಿರುವುದಿಲ್ಲ, ಅಷ್ಟೆ. ಈ ಮನೆ ಕೊಳ್ಳುವಾಗ ಬ್ರೋಕರ್ ಹತ್ತಿರ ಏನು ಕೇಳಿದ್ದಿರಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಸ್ಮೊ ಬಿಲ್ಡಿಂಗ್ ಅಲ್ವಲ್ಲ ಅಂತ” ಎಂದರು. ಮುಂಬಯಿಯಲ್ಲಿ ಮನೆ ಹುಡುಕಿದ ಎಲ್ಲರಿಗೂ ಆ ಪದದ ಅರ್ಥ ಗೊತ್ತು: ಎಲ್ಲ ಜಾತಿ-ಧರ್ಮದವರಿಗೂ ಮನೆ ಕೊಡುವ ಕಟ್ಟಡ. ಬೇಡದವರ ಹೆಸರೆತ್ತದೆ ಅವರನ್ನು ಹೊರಗಿಡಲು ಈ ಊರಿಗೆ ಒಂದು ಸಭ್ಯ ಪದ ಸಿಕ್ಕಿದೆ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಹಿಂದೂ-ಮುಸ್ಲಿಂ ಗಲಭೆಗಳಲ್ಲಿ, ಅವುಗಳ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗದ ಲೆಕ್ಕದಂತೆ, 900 ಜನ ಸತ್ತರು. ಆಮೇಲೆ ಹೆದರಿದ ಎಷ್ಟೋ ಮುಸ್ಲಿಂ ಕುಟುಂಬಗಳು ಮುಂಬ್ರಾಕ್ಕೆ ಹೋದವು. ಹಿಂದೂ ಕುಟುಂಬಗಳೂ ತಮ್ಮವರಿರುವ ಕಡೆ ಸರಿದವು. ಡೊಂಬಿವಲಿಗೂ ಮುಂಬ್ರಾಕ್ಕೂ ನಡುವೆ ಇರುವುದು ಕೋಪರ್, ದಿವಾ ಎಂಬ ಎರಡೇ ಸ್ಟೇಷನ್ನು. ಎರಡೂ ಕಡೆಯ ಮಕ್ಕಳು ಒಂದೇ ಅಂಗಳದಲ್ಲಿ ಆಡುವುದು ಅಪರೂಪ. ಕಾಣದ ಜನರ ಬಗ್ಗೆ ಮಗು ತನ್ನ ಮನೆಯಲ್ಲಿ ಕೇಳಿದ್ದನ್ನಷ್ಟೇ ನಂಬಬೇಕು.

ಅಷ್ಟು ಹೇಳುವಾಗ ಅಮ್ಮ ಅಳಲು ಶುರುಮಾಡಿದರು. ನನ್ನ ಮಾತಿಗೆ ನೊಂದುಕೊಂಡರೇನೋ ಎಂದುಕೊಂಡೆ. ಕಾರಣ ಬೇರೆ ಇತ್ತು. ದಿನಾ ಬೆಳಿಗ್ಗೆ ಸ್ಲೋ ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ ಅವರದೊಂದು ಗುಂಪಿದೆ. ಮುಂಬ್ರಾದಲ್ಲಿ ಹತ್ತುವ ಗೆಳತಿಗೆ ಮೂವರ ಸೀಟಿನಲ್ಲಿ ಸರಿದು ನಾಲ್ಕನೆಯವಳಾಗಿ ಜಾಗ ಕೊಡುತ್ತಾರೆ. ಠಾಣೆ ದಾಟುವಷ್ಟರಲ್ಲಿ ಎಲ್ಲರ ಡಬ್ಬಿಯೂ ಎಲ್ಲರ ಕೈಗೆ. “ಹನ್ನೊಂದು ವರ್ಷದಿಂದ ಅವಳ ಡಬ್ಬಿಯಿಂದ ತಿಂತಿದ್ದೇನೆ. ನನಗೋಸ್ಕರ ಬೇರೆ ಪಾತ್ರೆಯಲ್ಲಿ ತರಕಾರಿ ಮಾಡಿ ತರ್ತಾಳೆ. ಅತ್ತೆ ಎದುರು ಒಂದು ದಿನವೂ ಅವಳ ಹೆಸರು ಹೇಳಿಲ್ಲ.”

ಅಲ್ಲೇ ಇತ್ತು ಗಂಟು. ಅಮ್ಮ ರೈಲಿನಲ್ಲಿ ಮಾಡಿದ್ದನ್ನೇ ಮಗಳು ಶಾಲೆಯಲ್ಲಿ ಮಾಡಿದ್ದಳು. ಅಮ್ಮನಿಗೆ ಮುಚ್ಚಿಡಲು ಗೊತ್ತಿತ್ತು, ಮಗಳಿಗೆ ಗೊತ್ತಿರಲಿಲ್ಲ. ನನ್ನ ಮೊದಲ ಸಲಹೆ ಇದೇ ಆಗಿತ್ತು: ಇವತ್ತು ರಾತ್ರಿ ಮಲಗಿಸುವಾಗ ಮಗಳಿಗೆ ಇದನ್ನು ಹೇಳಿ. ಉಪದೇಶ ಬೇಡ. ‘ನಾನೂ ತಿಂತೀನಿ, ಇಷ್ಟು ವರ್ಷದಿಂದ, ಯಾರಿಗೂ ಏನೂ ಆಗಿಲ್ಲ’ ಎಂಬಷ್ಟು ಸಾಕು. ಕೈ ತೊಳೆಯುವುದನ್ನು ಬೈದು ತಡೆಯಬೇಡಿ, ಆದರೆ ಪ್ರತಿ ಸಲ ‘ಆಯ್ತಾ, ಶುದ್ಧವಾಯ್ತಾ’ ಎಂದು ಸಮಾಧಾನವನ್ನೂ ಮಾಡಬೇಡಿ, ಭಯಕ್ಕೆ ಅದೇ ಮೇವು. ತಿಂಗಳೊಳಗೆ ಇಳಿಮುಖವಾಗದಿದ್ದರೆ ಮಕ್ಕಳ ಮನೋವೈದ್ಯರಲ್ಲಿಗೆ ಕಳಿಸುತ್ತೇನೆ ಎಂದೂ ತಿಳಿಸಿದೆ. ಆ ಅಗತ್ಯ ಬೀಳಲಿಲ್ಲ.

ಅಜ್ಜಿಯ ವಿಷಯದಲ್ಲಿ ಮೊದಲು ಎಡವಿದ್ದು ನಾನೇ. ಅವರು ಬಂದ ಮೊದಲ ದಿನ ವಾದಕ್ಕೆ ಇಳಿದೆ. ಅಕ್ಕಿ-ತೆಂಗಿನಕಾಯಿಗೆ ಧರ್ಮ ಎಲ್ಲಿಂದ ಬಂತು, ನಿಮ್ಮವರ ಹೋಟೆಲಿನಲ್ಲಿ ಎಲ್ಲರೂ ತಿಂದುಹೋದ ಲೋಟ ತೊಳೆದೇ ಅಲ್ಲವೆ ಮತ್ತೆ ಇಟ್ಟದ್ದು ಎಂದೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಹೌದು, ನೀವು ಹೇಳುದು ಸಮ ಉಂಟು. ಆದ್ರೆ ಗಂಟಲಲ್ಲಿ ಇಳಿಯುದಿಲ್ಲ, ಎಂತ ಮಾಡುದು?” ಎಂದರು. ಅದು ಮೊಂಡುತನವಲ್ಲ, ನಿಜದ ವರ್ಣನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ರೋಗಾಣು ಇಲ್ಲದಂತೆ ಶುದ್ಧ ಮಾಡಿದ ಸತ್ತ ಜಿರಲೆಯನ್ನು ಹಣ್ಣಿನ ರಸಕ್ಕೆ ಅದ್ದಿ ತೆಗೆದರು. ಅಪಾಯವಿಲ್ಲವೆಂದು ಗೊತ್ತಿದ್ದರೂ ಜನರಿಗೆ ಆ ರಸ ಕುಡಿಯಲು ಮನಸ್ಸು ಬರಲಿಲ್ಲ. ಹೇಸಿಗೆ ಕೂತಿರುವುದು ವಾದ ಮುಟ್ಟದ ಜಾಗದಲ್ಲಿ. ಮನುಷ್ಯರ ಮೇಲಿನ ಹೇಸಿಗೆಯಂತೂ ಹುಟ್ಟಿನಿಂದ ಬರುವುದಿಲ್ಲ. ಮಡಿ, ಮುಸುರೆ, ಎಂಜಲು ಎನ್ನುತ್ತಾ ಮಾತು ಬರುವ ಮೊದಲೇ ಮಗುವಿನ ಕೈಗೆ, ಮೂಗಿಗೆ ಅದನ್ನು ಕಲಿಸಲಾಗುತ್ತದೆ.

ಮುಂದಿನ ಸಲ ವಾದ ಬಿಟ್ಟು, ನಿಮಗೆ ಇದನ್ನು ಮೊದಲು ಯಾರು ಹೇಳಿದರು ಎಂದು ಕೇಳಿದೆ. ಆ ಒಂದು ಗಂಟೆಯನ್ನು ನಾನು ಮರೆಯುವಂತಿಲ್ಲ. ಮೊದಲು ಮುಂಬಯಿ ಬಂತು. 1971ರಲ್ಲಿ ಮದುವೆಯಾಗಿ ಬಂದಾಗ, ಕೆಲವೇ ವರ್ಷ ಹಿಂದೆ ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಎಂಬ ಕೂಗಿನ ನಡುವೆ ಹೋಟೆಲಿನ ಗಾಜಿಗೆ ಯಾರೋ ಕಲ್ಲು ಹೊಡೆದ ಕಥೆಯನ್ನು ಗಂಡ ಹೇಳಿದ್ದರಂತೆ. ದಕ್ಷಿಣದವರೆಂದು ತಮ್ಮನ್ನು ಒಂದು ಮುದ್ದೆ ಮಾಡಿ ದ್ವೇಷಿಸಿದ್ದು ಅವರಿಗೆ ಇವತ್ತಿಗೂ ಉರಿಯುತ್ತದೆ. ಆಮೇಲೆ 1993 ಬಂತು. ಹಾಲಿಗೆ ವಿಷ ಹಾಕಿದ್ದಾರೆಂಬ ಗಾಳಿಸುದ್ದಿಗೆ ಮನೆಯ ಹಾಲನ್ನೆಲ್ಲ ಮೋರಿಗೆ ಸುರಿದ ರಾತ್ರಿ. ವಿಷ ಯಾರೂ ಹಾಕಿರಲಿಲ್ಲ, ಆದರೆ ‘ಅವರ ಕೈಯದು’ ಎಂಬ ಭಯ ಉಳಿಯಿತು.

ಕೊನೆಗೆ ಊರು ಬಂತು. ಅವರಿಗೆ ಎಂಟೋ ಒಂಬತ್ತೋ ವರ್ಷ. ತಮ್ಮನಿಗೆ ಜ್ವರ ಬಿಡುತ್ತಿರಲಿಲ್ಲ. ಮನೆಯ ಹಿರಿಯರು ಅವನ ಉಗುರು, ಕೂದಲು ಅನ್ನಕ್ಕೆ ಕಲಸಿ ಅಂಗಳದಾಚೆ ನಿಂತಿದ್ದ ಕೊರಗ ಹೆಂಗಸಿಗೆ, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಕರಾವಳಿಯ ಬುಡಕಟ್ಟಿನವಳಿಗೆ, ಕೊಟ್ಟರು. ಕಾಯಿಲೆ ಆ ಅನ್ನದ ಜತೆ ಅವಳಿಗೆ ಹೋಗಲಿ ಎಂದು. ಇದೇ ಅಜಲು. ಕರ್ನಾಟಕ ಸರ್ಕಾರ ಇದನ್ನು ಕಾಯ್ದೆ ಮಾಡಿ ನಿಷೇಧಿಸಿದ್ದು 2000ದಲ್ಲಿ, ಅಸ್ಪೃಶ್ಯತೆಯನ್ನು ಸಂವಿಧಾನ ರದ್ದುಪಡಿಸಿ ಐವತ್ತು ವರ್ಷದ ಮೇಲೆ. “ಅವಳು ಉಣ್ಣುದನ್ನ ನಾನು ನೋಡಿದ್ದೆ” ಎಂದು ಅಜ್ಜಿ ಸುಮ್ಮನಾದರು. ಬಹಳ ಹೊತ್ತಾದ ಮೇಲೆ ತಾವಾಗಿ ಹೇಳಿದರು: “ಅನ್ನದಲ್ಲಿ ಕಾಯಿಲೆ ದಾಟ್ತದೆ ಅಂತ ನಂಬಿದ್ದು ನಾವು. ಈಗ ಪುಟ್ಟಿಯೂ ಅದನ್ನೇ ನಂಬಿದ್ಲು ಅಲ್ವಾ?”

ನಾನು ಹೌದು ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಇರಲಿಲ್ಲ.

ಇಂಥ ಮನೆಗಳಲ್ಲಿ ನಾನು ಕಂಡಿರುವುದೆಂದರೆ, ಪೂರ್ವಗ್ರಹ ಎಂದು ನಾವು ಒಂದೇ ಹೆಸರಿಟ್ಟು ಕರೆಯುವುದರೊಳಗೆ ಬೇರೆ ಬೇರೆ ಎಳೆಗಳಿರುತ್ತವೆ. ಈ ಅಜ್ಜಿಯಲ್ಲಿ ಊರಿನಿಂದ ಬಂದ ಹೇಸಿಗೆ, ಗಲಭೆಯಿಂದ ಬಂದ ಭಯ, ‘ನಾಲ್ಕು ಜನ ಏನಂತಾರೆ’ ಎಂಬ ಬಿಲ್ಡಿಂಗಿನ ಮರ್ಯಾದೆ ಮೂರೂ ಹೆಣೆದುಕೊಂಡಿದ್ದವು. ಭಯಕ್ಕೆ ಮಾಹಿತಿ ಕೊಡಬಹುದು. ಮರ್ಯಾದೆಗೆ ಮನೆಯವರ ಬೆಂಬಲ ಬೇಕು. ಹೇಸಿಗೆಗೆ ಸಣ್ಣ ಸಣ್ಣ ಅಭ್ಯಾಸ ಬಿಟ್ಟರೆ ಬೇರೆ ದಾರಿ ನನಗೆ ಕಂಡಿಲ್ಲ. ಎಲ್ಲಕ್ಕೂ ಒಂದೇ ಭಾಷಣ ಮಾಡಿದರೆ ಯಾವುದೂ ಅಲುಗುವುದಿಲ್ಲ.

ಅಜ್ಜಿಗೆ ಹೇಳಿದ್ದು ಹೀಗೆ. ನೀವು ತಿನ್ನಿ ಎಂದು ನಾನು ಹೇಳುವುದಿಲ್ಲ, ಅದು ನಿಮ್ಮ ಗಂಟಲು. ಮಾಂಸ ತಿನ್ನುವುದಿಲ್ಲ ಎಂದು ಮೊಮ್ಮಗಳಿಗೆ ಕಲಿಸುವುದೂ ನಿಮ್ಮ ಹಕ್ಕು. ಆದರೆ ಏನು ತಿನ್ನಬಾರದು ಎಂಬುದು ಒಂದು, ಯಾರ ಕೈಯದು ತಿನ್ನಬಾರದು ಎಂಬುದು ಇನ್ನೊಂದು, ಎರಡನ್ನೂ ಬೆರೆಸಬೇಡಿ. ದೇವರ ಹೆಸರು, ಕಾಯಿಲೆಯ ಹೆಸರು ತರಬೇಡಿ. ನೀವು ಯಾಕೆ ಬಿದ್ದಿರಿ ಎಂಬ ನಿಜವನ್ನು ನಿಮ್ಮ ಬಾಯಿಂದಲೇ ಅವಳಿಗೆ ಹೇಳಿ. ನಿಜವೇನೆಂದರೆ ಬಿಪಿ ಮಾತ್ರೆ ಮುಗಿದು ನಾಲ್ಕು ದಿನವಾಗಿತ್ತು, ಮಗ ಊರಲ್ಲಿಲ್ಲವೆಂದು ತರಿಸಿರಲಿಲ್ಲ. ಮೇಲೆ ಏಕಾದಶಿ ಉಪವಾಸ. ಅಜ್ಜಿ ಖಾಲಿ ಮಾತ್ರೆಯ ಹಾಳೆಯನ್ನೇ ಪುಟ್ಟಿಗೆ ತೋರಿಸಿ ಹೇಳಿದರಂತೆ. ಮಗು ಅದನ್ನು ತನ್ನ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಿತು. ಆ ವಾರ ಊಟದ ಡಬ್ಬಿ ಅರ್ಧ ಖಾಲಿಯಾಗಿ ಬಂತು.

ಇನ್ನು ಆ ಗೆಳತಿ. ನನ್ನ ಮುಂದೆ ಕೂತವಳು ಪುಟ್ಟಿಯಾದರೂ ಹೆಚ್ಚು ಗಾಯವಾದದ್ದು ಅವಳಿಗೆ. ತರಗತಿಯ ಎದುರು, ತನ್ನ ತಾಯಿ ಮಾಡಿದ ತಿಂಡಿಯಿಂದ ಕಾಯಿಲೆ ಬರುತ್ತದೆಂದು ಕೇಳಿಸಿಕೊಂಡ ಏಳು ವರ್ಷದ ಮಗು ಅದು. ‘ಮಕ್ಕಳು ಮರೆತುಬಿಡ್ತಾರೆ’ ಎಂದ ಪುಟ್ಟಿಯ ಅಪ್ಪನಿಗೆ ನಾನು ಗಟ್ಟಿಯಾಗಿಯೇ ಹೇಳಿದೆ, ಮರೆಯುವುದಿಲ್ಲ ಎಂದು. ಪುಟ್ಟಿಯೊಬ್ಬಳನ್ನೇ ‘ಸಾರಿ’ ಹೇಳಲು ಕಳಿಸಬೇಡಿ, ಮಾತು ಹುಟ್ಟಿದ್ದು ನಿಮ್ಮ ಮನೆಯಲ್ಲಿ, ದೊಡ್ಡವರು ಹೋಗಬೇಕು ಎಂದೆ. ಅಮ್ಮ ಅರ್ಧ ದಿನ ರಜೆ ಹಾಕಿ ಶಾಲೆಯ ಗೇಟಿನಲ್ಲಿ ಆ ತಾಯಿಯನ್ನು ಕಂಡು ಕ್ಷಮೆ ಕೇಳಿದರು. ಅವರು ಮಾತಾಡದೆ ತಲೆಯಾಡಿಸಿ ಹೊರಟರಂತೆ. ಕ್ಷಮಿಸಲೇಬೇಕೆಂಬ ಸಾಲ ಅವರ ಮೇಲಿರಲಿಲ್ಲ. ಎರಡು ವಾರದ ಮೇಲೆ ಫೋನು ಬಂತು.

ಅಜ್ಜಿಗೆ ಉತ್ಸಾಹ ಬಂದು ಕಡುಬು ಮಾಡಿ ಕಳಿಸುತ್ತೇನೆ ಎಂದರು. ಕಳಿಸಿ, ಆದರೆ ಅದನ್ನು ದೊಡ್ಡ ಬದಲಾವಣೆ ಎಂದುಕೊಳ್ಳಬೇಡಿ ಎಂದೆ. ನಮ್ಮ ಮಡಿಯ ನಿಯಮದಲ್ಲಿ ಕೊಡುವುದಕ್ಕೆ ಯಾವತ್ತೂ ಅಡ್ಡಿ ಇರಲಿಲ್ಲ, ಆ ಕೊರಗ ಹೆಂಗಸಿಗೂ ಕೊಟ್ಟೇ ಇದ್ದರು. ತೆಗೆದುಕೊಳ್ಳುವಾಗ ಮಾತ್ರ ಇಬ್ಬರೂ ಸಮಾನರಾಗುತ್ತಾರೆ. ಅವರು ಯೋಚಿಸಿ, “ಹಣ್ಣಿಗೆ ಮುಸುರೆ ಇಲ್ಲ, ಹಣ್ಣಾದ್ರೆ ತಗೊಳ್ಬಹುದು” ಎಂದರು. ನಿಯಮದೊಳಗೇ ಒಂದು ಕಿಂಡಿಯನ್ನು ಅವರೇ ಹುಡುಕಿದ್ದರು. ನಾನು ಅಲ್ಲಿಂದಲೇ ಶುರುಮಾಡಿ ಎಂದೆ.

ರಂಜಾನಿನಲ್ಲಿ ಗೆಳತಿಯ ಮನೆಯಿಂದ ಖರ್ಜೂರದ ಪೊಟ್ಟಣ ಬಂತು. ಅಜ್ಜಿ ಒಂದನ್ನು ತೆಗೆದು, ತೊಳೆಯಲೆಂದು ಎದ್ದರಂತೆ. ಪುಟ್ಟಿ ಅವರ ಕೈಯನ್ನೇ ನೋಡುತ್ತಿದ್ದಳು. ಅಜ್ಜಿ ಮತ್ತೆ ಕೂತು ಹಾಗೇ ಬಾಯಿಗೆ ಹಾಕಿಕೊಂಡರು.

ಸಾಂದಣವನ್ನು ಅವರು ಇನ್ನೂ ತಿಂದಿಲ್ಲ. ಆದರೆ ಅದಕ್ಕೆ ತೆಂಗಿನಹಾಲು ಎಷ್ಟು ಹಾಕುತ್ತಾರೆ, ಉಬ್ಬಲು ಏನು ಸೇರಿಸುತ್ತಾರೆ ಎಂದು ಪುಟ್ಟಿಯ ಕೈಲಿ ಚೀಟಿ ಬರೆಸಿ ಕಳಿಸಿದ್ದಾರೆ.