ಕೂಲಿಂಗ್ ಗ್ಲಾಸಿಗೆ ಆಯಸ್ಸು ಎಂಬುದಿದೆಯೇ?

ಎರಡು ವರ್ಷಕ್ಕೊಮ್ಮೆ ಕೂಲಿಂಗ್ ಗ್ಲಾಸ್ ಬದಲಿಸಲೇಬೇಕೇ ಎಂದು ಕೇಳಿದ್ದೀರಿ. ಅಂಥ ಕಡ್ಡಾಯವೇನೂ ಇಲ್ಲ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಮಸೂರದಲ್ಲಿ ಅತಿನೇರಳೆ ಕಿರಣಗಳನ್ನು ಹೀರುವ ಗುಣ ಆ ವಸ್ತುವಿನಲ್ಲೇ ಇರುವುದರಿಂದ, ಮೇಲೆ ನಾಲ್ಕು ಗೀರು ಬಿದ್ದ ಮಾತ್ರಕ್ಕೆ ರಕ್ಷಣೆ ಹೊರಟುಹೋಗುವುದಿಲ್ಲ. ಆದರೆ ಗೀರುಗಳಲ್ಲಿ ಬೆಳಕು ಚದುರಿ ನೋಟ ಮಸುಕಾದಾಗ, ಇಲ್ಲವೇ ಲೇಪನ ಸಿಪ್ಪೆ ಏಳತೊಡಗಿದಾಗ ಬದಲಿಸುವುದು ಒಳ್ಳೆಯದು.

ಗಾಜು ಕಪ್ಪಾದಷ್ಟೂ ಕಣ್ಣಿಗೆ ಕ್ಷೇಮವೆಂಬುದು ನಾನು ಪದೇಪದೇ ಕೇಳುವ ತಪ್ಪು ತಿಳಿವಳಿಕೆ. ಕಪ್ಪು ಮಸೂರದ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಅತಿನೇರಳೆ ತಡೆ ಇಲ್ಲದ ಮಸೂರವಾದರೆ ಆ ಹಿಗ್ಗಿದ ಪಾಪೆಯ ಮೂಲಕ ಹಾನಿಕರ ಕಿರಣಗಳು ಇನ್ನಷ್ಟು ಒಳಸೇರಬಹುದು. ಆದ್ದರಿಂದ ಬಣ್ಣಕ್ಕಿಂತ ಮೊದಲು ‘ಯುವಿ 400’ ಎಂಬ ಗುರುತನ್ನು, ಅಂದರೆ 400 ನ್ಯಾನೊಮೀಟರ್‌ವರೆಗಿನ ತರಂಗಾಂತರದ ಅತಿನೇರಳೆ (ಯುವಿ) ಕಿರಣಗಳಿಗೆ ತಡೆಯಿದೆಯೇ ಎಂಬುದನ್ನು ನೋಡಿ. ರಸ್ತೆಬದಿಯ ಕನ್ನಡಕದ ಚೀಟಿಯನ್ನು ನಂಬಲಾಗದಿದ್ದರೆ, ಯುವಿ ಮಾಪಕವಿರುವ ಕನ್ನಡಕದಂಗಡಿಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ.

ಬೈಕಿನಿಂದ ಇಳಿದೊಡನೆ ಅಂಗಿಯ ಅಂಚಿನಿಂದ ಒರೆಸುವ ಅಭ್ಯಾಸ ಬಿಡಿ, ಏಕೆಂದರೆ ಮಸೂರದ ಮೇಲಿನ ಧೂಳಿನ ಕಣವೇ ಮರಳುಕಾಗದದಂತೆ ಉಜ್ಜುತ್ತದೆ. ಮೊದಲು ನೀರು ಹಾಯಿಸಿ, ಸೌಮ್ಯ ಸೋಪಿನ ಒಂದು ಹನಿಯಿಂದ ತೊಳೆದು, ಡಬ್ಬಿಯೊಂದಿಗೆ ಬರುವ ಮೆತ್ತನೆಯ ಬಟ್ಟೆಯಿಂದ ಒರೆಸಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಆ ಕಾವಿಗೆ ಲೇಪನ ಬಿರುಕು ಬಿಡುತ್ತದೆ, ಚೌಕಟ್ಟೂ ಸೊಟ್ಟಗಾಗುತ್ತದೆ.

ಮಸೂರದ ಗಾಢತೆಯನ್ನು 0ಯಿಂದ 4ರವರೆಗಿನ ವರ್ಗಗಳಲ್ಲಿ ಗುರುತಿಸುತ್ತಾರೆ; ಅತಿ ಗಾಢವಾದ 4ನೇ ವರ್ಗದ ಮಸೂರ ಹಾಕಿ ವಾಹನ ಓಡಿಸಬಾರದು. ಎಷ್ಟೇ ದುಬಾರಿಯದಾದರೂ ಕೂಲಿಂಗ್ ಗ್ಲಾಸಿನಿಂದ ಗ್ರಹಣ ನೋಡಲೂಬಾರದು.